ಹತ್ತನೆಯ ತರಗತಿಯ ಇಂಗ್ಲಿಷ್ ಪದ್ಯ ಮತ್ತು ನಮ್ಮ ಮಕ್ಕಳು



2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ನೆಲೆ ಕೊಟ್ಟ ಊರು ಕಲಬುರಗಿ ಜಿಲ್ಲೆಯ ಈ ಕಡಗಂಚಿ. ಇಂಥ ಕಡೆ ಸಾಹಿತ್ಯದ ಬಗ್ಗೆ ಉಪನ್ಯಾಸ ಎಂದರೆ ದೊಡ್ಡ ಸಿದ್ಧಾಂತದ ಮಾತನ್ನು ನಿರೀಕ್ಷಿಸುವುದು ಸಹಜ. ನಾನು ಇಂದು ಆರಿಸಿಕೊಂಡಿರುವ ವಿಷಯ ಚಿಕ್ಕದು. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರುವ ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷ್ ಪದ್ಯವನ್ನು ಅರ್ಥ ಮಾಡಿಸುವುದು ಹೇಗೆ ಎಂಬುದಷ್ಟೇ ನನ್ನ ಪ್ರಶ್ನೆ.

ಈ ಪ್ರಶ್ನೆಯ ತುರ್ತು ನಿಮಗೆಲ್ಲ ಗೊತ್ತಿದೆ. 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಉಡುಪಿ ಶೇ 94ರೊಂದಿಗೆ ಮೊದಲಿತ್ತು, ನಮ್ಮ ನೆರೆಯ ಯಾದಗಿರಿ ಶೇ 50.59ರೊಂದಿಗೆ ಕೊನೆಯಲ್ಲಿತ್ತು. 2025ರಲ್ಲಿ ದಕ್ಷಿಣ ಕನ್ನಡ ಶೇ 91.12 ಪಡೆದರೆ, ಶೇ 42.43 ಪಡೆದ ಕಲಬುರಗಿ ಕೊನೆಯ ಸ್ಥಾನಕ್ಕೆ ಇಳಿಯಿತು. ಈ ಅಂತರಕ್ಕೆ ಕಾರಣಗಳು ಹಲವು. ಅವನ್ನೆಲ್ಲ ಇಂಗ್ಲಿಷಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಹಳ್ಳಿಯ ಮಗು ಪರೀಕ್ಷಾ ಕೊಠಡಿಯಲ್ಲಿ ಹೆಚ್ಚು ಹೆದರುವ ವಿಷಯಗಳ ಸಾಲಿನಲ್ಲಿ ಇಂಗ್ಲಿಷ್ ಇದೆ. ಆ ಇಂಗ್ಲಿಷಿನಲ್ಲಿ, 'ಇದು ನಿನಗಾಗೋದಿಲ್ಲ, ಬಿಟ್ಟುಬಿಡು' ಎಂದು ನಾವೇ ಮಗುವಿಗೆ ಹೇಳುವ ಭಾಗ ಪದ್ಯ.

ನನ್ನ ವಾದ ಇದಕ್ಕೆ ತದ್ವಿರುದ್ಧವಾದುದು. ಕಲಿಕೆಯಲ್ಲಿ ಹಿಂದುಳಿದ ಮಗುವಿಗೆ ಇಂಗ್ಲಿಷಿನೊಳಗೆ ಹೋಗಲು ಎಲ್ಲಕ್ಕಿಂತ ಹತ್ತಿರದ ದಾರಿ ಪದ್ಯವೇ. ಇದನ್ನು ನಾಲ್ಕು ಭಾಗಗಳಲ್ಲಿ ನಿಮ್ಮ ಮುಂದಿಡುತ್ತೇನೆ. ಮೊದಲನೆಯದು, ನಮ್ಮ ಭಾಗದ ಮಗು ತರಗತಿಗೆ ಬರುವಾಗ ಜೊತೆಗೆ ತರುವ ಕಾವ್ಯದ ಅರಿವು. ಎರಡನೆಯದು, ತರಗತಿಯಲ್ಲಿ ಆ ಅರಿವು ಎಲ್ಲಿ ಕಳೆದುಹೋಗುತ್ತದೆ ಎಂಬುದು. ಮೂರನೆಯದು, ಪಠ್ಯದ ಕೆಲವು ಪದ್ಯಗಳನ್ನೇ ಮುಂದಿಟ್ಟುಕೊಂಡು ಒಂದು ಬೋಧನಾ ಕ್ರಮ. ನಾಲ್ಕನೆಯದು, ಉತ್ತರ ಪತ್ರಿಕೆ.

ಮೊದಲನೆಯ ಭಾಗಕ್ಕೆ ಬರುತ್ತೇನೆ.

ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥ 'ಕವಿರಾಜಮಾರ್ಗ'. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಅದು ಹುಟ್ಟಿತು. ಆತನ ರಾಜಧಾನಿ ಮಾನ್ಯಖೇಟ ಎಂದರೆ ನಮ್ಮ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ. ಓದು ಬರಹ ಕಲಿಯದಿದ್ದರೂ ಈ ನಾಡಿನ ಜನ ಕಾವ್ಯದಲ್ಲಿ ನುರಿತವರು ಎಂಬ ಅರ್ಥದ ಮಾತು ಆ ಗ್ರಂಥದಲ್ಲಿದೆ. ನಾವು ಅದನ್ನು ಭಾಷಣಗಳಲ್ಲಿ ಹೆಮ್ಮೆಯಿಂದ ಬಳಸುತ್ತೇವೆ. ಆ ಜನರ ಮಕ್ಕಳೇ ಇಂದು ನಮ್ಮ ಬೆಂಚುಗಳ ಮೇಲೆ ಕುಳಿತಿದ್ದಾರೆ ಎಂಬುದನ್ನು ಮಾತ್ರ ತರಗತಿಯಲ್ಲಿ ಮರೆಯುತ್ತೇವೆ.

ತಮ್ಮದಲ್ಲದ ಭಾಷೆಯ ಕಾವ್ಯವೂ ಈ ನೆಲಕ್ಕೆ ಹೊಸದಲ್ಲ. ಗಾಣಗಾಪುರದ ನರಸಿಂಹ ಸರಸ್ವತಿಯವರ ಮಹಿಮೆಯನ್ನು ಹೇಳುವ ಮರಾಠಿಯ 'ಗುರುಚರಿತ್ರೆ'ಯನ್ನು ಬರೆದ ಸರಸ್ವತಿ ಗಂಗಾಧರ, ಪರಂಪರೆಯ ಪ್ರಕಾರ, ಇದೇ ಕಡಗಂಚಿಯ ಮನೆತನದವನು. ಮರಾಠಿ ತನಗೆ ಬರುವ ಭಾಷೆಯಲ್ಲ ಎಂದು ಆತ ಗ್ರಂಥದ ಆರಂಭದಲ್ಲೇ ವಿನಯದಿಂದ ಹೇಳಿಕೊಂಡಿದ್ದಾನೆ. ಹಾಗೆ ಹೇಳಿದವನ ಓವಿಗಳನ್ನು ಇಂದಿಗೂ ಮಹಾರಾಷ್ಟ್ರದ ಮನೆಮನೆಗಳಲ್ಲಿ ಏಳು ದಿನ ಪಾರಾಯಣ ಮಾಡುತ್ತಾರೆ. ಎರಡನೆಯ ಭಾಷೆಯ ಪದ್ಯ ನಮ್ಮ ಮಕ್ಕಳ ಕೈಗೆ ಎಟುಕುವುದಿಲ್ಲ ಎನ್ನುವವರು ಈ ಊರಿನಲ್ಲಿ ನಿಂತು ಆ ಮಾತು ಹೇಳುವ ಮುನ್ನ ಸ್ವಲ್ಪ ಯೋಚಿಸಬೇಕು.

ಇನ್ನು ಮಗು ದಿನವೂ ಕೇಳುವ ಹಾಡುಗಳನ್ನು ನೋಡೋಣ. ಜೇವರ್ಗಿ ಸೀಮೆ ಕಡಕೋಳ ಮಡಿವಾಳಪ್ಪನವರ, ಚೆನ್ನೂರ ಜಲಾಲಸಾಹೇಬರ ತತ್ವಪದಗಳ ಸೀಮೆ. ಅಮಾವಾಸ್ಯೆಯ ರಾತ್ರಿ ಗುಡಿಯಲ್ಲಿ ಏಕತಾರಿ, ದಮ್ಮಡಿ, ತಾಳ ಹಿಡಿದು ಹಿರಿಯರು ಭಜನೆಗೆ ಕುಳಿತಾಗ ಅಲ್ಲೇ ಒರಗಿಕೊಂಡ ಮಗು ಅರೆನಿದ್ದೆಯಲ್ಲಿ ಕೇಳಿಸಿಕೊಳ್ಳುತ್ತದೆ. ಒಂಬತ್ತು ಬಾಗಿಲ ಮನೆ ಎಂದರೆ ದೇಹ, ಹಾರಿಹೋಗುವ ಹಕ್ಕಿ ಎಂದರೆ ಜೀವ ಎಂದು ಅದಕ್ಕೆ ಯಾರೂ ಪಾಠ ಮಾಡಿರುವುದಿಲ್ಲ. ಕೇಳುತ್ತ ಕೇಳುತ್ತ ತಾನೇ ತಿಳಿದುಕೊಂಡಿರುತ್ತದೆ. ಮೊಹರಂನಲ್ಲಿ ಹಿಂದೂ ಮುಸ್ಲಿಂ ಎನ್ನದೆ ಹಾಡುವ ರಿವಾಯತ್ ಪದಗಳಲ್ಲಿ ಕರ್ಬಲಾದ ಕಥೆ ಬರುತ್ತದೆ. ಯಾವ ಸಾಲು ತಾಯಿಯದು, ಯಾವ ಸಾಲು ಮಗನದು ಎಂದು ಮಗು ದನಿಯಿಂದಲೇ ಗುರುತಿಸುತ್ತದೆ. ನಡುವೆ ಗೊತ್ತಿಲ್ಲದ ಮಾತು ಬಂದರೆ ಹಾಡನ್ನು ನಿಲ್ಲಿಸಿ ಅರ್ಥ ಕೇಳುವುದಿಲ್ಲ. ಹಿಂದುಮುಂದಿನ ಸಾಲುಗಳಿಂದ ಊಹಿಸಿಕೊಂಡು ಮುಂದೆ ಸಾಗುತ್ತದೆ.

ರೂಪಕವನ್ನು ಹಿಡಿಯುವುದು, ಮಾತನಾಡುವ ದನಿ ಯಾರದೆಂದು ಗುರುತಿಸುವುದು, ಗೊತ್ತಿಲ್ಲದ ಪದವನ್ನು ಸಂದರ್ಭದಿಂದ ಊಹಿಸುವುದು: ಇಂಗ್ಲಿಷ್ ಪದ್ಯದ ಪ್ರಶ್ನೆಗಳು ಪರೀಕ್ಷಿಸುವುದು ಈ ಮೂರನ್ನೇ. ಮಗುವಿಗೆ ಕೊರತೆ ಇರುವುದು ಇಂಗ್ಲಿಷಿನ ಪದಸಂಪತ್ತಿನಲ್ಲಿ ಮತ್ತು ವಾಕ್ಯ ಕಟ್ಟುವುದರಲ್ಲಿ. ಕಾವ್ಯದ ತಿಳಿವಳಿಕೆಯಲ್ಲಲ್ಲ. ಈ ಎರಡನ್ನು ಬೇರ್ಪಡಿಸಿ ನೋಡದಿದ್ದರೆ ಮಗುವಿಗೆ ಏನನ್ನು ಕಲಿಸಬೇಕು ಎಂಬುದೇ ನಮಗೆ ತಿಳಿಯುವುದಿಲ್ಲ.

ಇಷ್ಟಿದ್ದೂ ತರಗತಿಯಲ್ಲಿ ಏನಾಗುತ್ತದೆ? ಇದು ನನ್ನ ಎರಡನೆಯ ಭಾಗ.

ರೂಢಿಯ ಪಾಠ ಹೀಗೆ ಸಾಗುತ್ತದೆ. ಶಿಕ್ಷಕರು ಪದ್ಯವನ್ನು ಒಮ್ಮೆ ಓದುತ್ತಾರೆ. ಕಠಿಣ ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಎದುರಿಗೆ ಕನ್ನಡ ಅರ್ಥ ಕೊಡುತ್ತಾರೆ. ಸಾಲು ಸಾಲಿಗೆ ಅರ್ಥ ಹೇಳುತ್ತಾರೆ. ಕೊನೆಗೆ ಸಾರಾಂಶ ಬರೆಸುತ್ತಾರೆ, ಇಲ್ಲವೆ ಗೈಡಿನ ಪುಟ ತೋರಿಸುತ್ತಾರೆ. ಜನವರಿ ಬಂದರೆ, ಪಾಸಾಗುವಷ್ಟನ್ನೇ ಕಲಿಸಲು ಸಿದ್ಧಪಡಿಸಿದ 'ಪಾಸಿಂಗ್ ಪ್ಯಾಕೇಜ್' ಕೈಗೆ ಬರುತ್ತದೆ. ಅದರಲ್ಲಿ ಪದ್ಯಕ್ಕೆ ಸಿಗುವ ಜಾಗ ಕಂಠಪಾಠದ ನಾಲ್ಕು ಸಾಲು ಮಾತ್ರ. ಮಗು ಆ ಸಾಲುಗಳನ್ನು ಬಾಯಿಪಾಠ ಮಾಡಿ ಬರೆದುಬಿಡುತ್ತದೆ. ಅದೇ ಪದ್ಯದಿಂದ ಎರಡು ಸಾಲು ಕೊಟ್ಟು 'ಇದನ್ನು ಯಾರು ಯಾರಿಗೆ ಹೇಳುತ್ತಾರೆ' ಎಂದು ಕೇಳಿದರೆ ಜಾಗ ಖಾಲಿ ಬಿಡುತ್ತದೆ.

ಇದಕ್ಕೆ ಶಿಕ್ಷಕರನ್ನು ಮಾತ್ರ ದೂರುವುದು ಸರಿಯಲ್ಲ. ತೊಗರಿ ರಾಶಿಯ ದಿನಗಳಲ್ಲಿ ಅರ್ಧ ತರಗತಿ ಹೊಲದಲ್ಲಿರುತ್ತದೆ. ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬದ ಮಗು ತಿಂಗಳುಗಟ್ಟಲೆ ಬರುವುದಿಲ್ಲ. ಒಂದೇ ಕೊಠಡಿಯಲ್ಲಿ ಮನೆಯಲ್ಲಿ ಕನ್ನಡ ಆಡುವ, ದಖನಿ ಆಡುವ, ಲಂಬಾಣಿ ಆಡುವ, ಗಡಿಯತ್ತ ಹೋದರೆ ಮರಾಠಿ ಆಡುವ ಮಕ್ಕಳಿರುತ್ತಾರೆ. ಇವರೆಲ್ಲರನ್ನೂ ಮಾರ್ಚಿನೊಳಗೆ ದಡ ಮುಟ್ಟಿಸಬೇಕಾದ ಶಿಕ್ಷಕ ಅಡ್ಡದಾರಿ ಹುಡುಕಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ನಾನು ಹೇಳುವುದು ಇಷ್ಟೇ: ಆ ಅಡ್ಡದಾರಿ ಹತ್ತಿರದ ದಾರಿಯಲ್ಲ. ಹಲವು ಪುಟಗಳ ಗದ್ಯಪಾಠವನ್ನು ಒಂದು ಪೀರಿಯಡ್ಡಿನಲ್ಲಿ ಮುಗಿಸಲಾಗದು. ನಡುವೆ ಎರಡು ದಿನ ತಪ್ಪಿಸಿಕೊಂಡ ಮಗುವಿಗೆ ಕಥೆಯ ಎಳೆ ಕಡಿದುಹೋಗುತ್ತದೆ. ಪದ್ಯ ಹಾಗಲ್ಲ. ಒಂದೇ ಪೀರಿಯಡ್ಡಿನಲ್ಲಿ ಆರಂಭವಾಗಿ ಅಲ್ಲೇ ಮುಗಿಯುತ್ತದೆ. ಹೆಚ್ಚು ಹಾಜರಾತಿ ಇಲ್ಲದ ಮಗುವಿಗೆ ಇಂಗ್ಲಿಷಿನಲ್ಲಿ 'ಇದು ಪೂರ್ತಿ ನನಗೆ ಗೊತ್ತು' ಎಂದು ಹೇಳಿಕೊಳ್ಳಲು ಸಾಧ್ಯವಾಗುವುದು ಪದ್ಯದಲ್ಲಿ. ಆ ಧೈರ್ಯವನ್ನೇ ನಾವು ಪ್ಯಾಕೇಜಿನಿಂದ ಕತ್ತರಿಸಿ ಹಾಕುತ್ತಿದ್ದೇವೆ.

ಈಗ ಮೂರನೆಯ ಭಾಗಕ್ಕೆ, ಬೋಧನೆಯ ಕ್ರಮಕ್ಕೆ ಬರೋಣ. ಕ್ರಮ ನಾಲ್ಕು ಹಂತಗಳದು. ಮೊದಲು ಕಿವಿ. ಆಮೇಲೆ 'ಯಾರು, ಯಾರಿಗೆ, ಯಾವಾಗ'. ಆಮೇಲೆ ಮನೆಮಾತಿನಲ್ಲಿ ಹೇಳಿಸುವುದು. ಕೊನೆಗೆ ಪದದ ಅರ್ಥ ಮತ್ತು ಇಂಗ್ಲಿಷ್ ವಾಕ್ಯ. ರೂಢಿಯ ಪಾಠದಲ್ಲಿ ಕೊನೆಯದೇ ಮೊದಲು ಬರುತ್ತದೆ. ತೊಡಕು ಇರುವುದು ಅಲ್ಲೇ.

ಕಿವಿಯ ವಿಷಯದಲ್ಲಿ ನಮಗೊಬ್ಬ ದೊಡ್ಡ ಗುರು ಇದ್ದಾರೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ 'ಇಂಗ್ಲಿಷ್ ಗೀತಗಳು' ಪ್ರಕಟಿಸಿದರು. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತರುವಾಗ ಅವರು ಅರ್ಥದಷ್ಟೇ ಲಯಕ್ಕೂ ದುಡಿದರು. ಸಾಲಿನ ಎರಡನೆಯ ಅಕ್ಷರದಲ್ಲಿ ಬರುವ ನಮ್ಮ ಹಳೆಯ ಆದಿಪ್ರಾಸದ ಕಟ್ಟನ್ನು ಸಡಿಲಿಸಿ ಹೊಸ ಮಾತ್ರಾಲಯಗಳನ್ನು ಕಟ್ಟಿದರು. ಹೊಸಗನ್ನಡ ಕವಿತೆಗೆ ಅದು ದಾರಿಯಾಯಿತು. ಒಬ್ಬ ಇಂಗ್ಲಿಷ್ ಮೇಷ್ಟ್ರು ಪದ್ಯವನ್ನು ಕಿವಿಯಿಂದ ಆರಂಭಿಸಿದ್ದರ ಫಲ ಅದು. ನಮ್ಮ ತರಗತಿಯಲ್ಲೂ ಮೊದಲ ಹತ್ತು ನಿಮಿಷ ಪುಸ್ತಕ ಮುಚ್ಚಿರಲಿ. ಶಿಕ್ಷಕರು ಎರಡು ಸಲ ಗಟ್ಟಿಯಾಗಿ ಓದಲಿ. ಮಕ್ಕಳು ತಾಳ ತಟ್ಟಲಿ. ಕನ್ನಡದಲ್ಲಿ ಲಘು ಗುರುಗಳ ಅಳತೆಯಿಂದ ಲಯ ಹುಟ್ಟಿದರೆ, ಇಂಗ್ಲಿಷಿನಲ್ಲಿ ಒತ್ತು ಬೀಳುವ ಅಕ್ಷರಗಳಿಂದ ಹುಟ್ಟುತ್ತದೆ. ಈ ವ್ಯತ್ಯಾಸವನ್ನು ವಿವರಿಸಿ ಹೇಳುವುದಕ್ಕಿಂತ ತಟ್ಟಿ ತೋರಿಸುವುದು ಸುಲಭ.

ಮುಂದಿನ ಹಂತಗಳನ್ನು ಮೂರು ಪದ್ಯಗಳ ಮೂಲಕ ತೋರಿಸುತ್ತೇನೆ. ಮೂರೂ ಹತ್ತನೆಯ ತರಗತಿಯ ದ್ವಿತೀಯ ಭಾಷೆಯ ಪುಸ್ತಕದ ಮೂಲಕ ನಿಮಗೆ ಚೆನ್ನಾಗಿ ಪರಿಚಿತವಾದವು.

ಮರೀನಾ ಡಿ ಬೆಲ್ಲಜೆಂಟಾ ಅವರ 'ಐ ಆ್ಯಮ್ ದಿ ಲ್ಯಾಂಡ್' ಪದ್ಯದಲ್ಲಿ ಮಾತನಾಡುವುದು ಭೂಮಿ. ನನ್ನನ್ನು ಕೊಂಡೆ ಎನ್ನುವ, ತನ್ನದೆಂದು ಕೂಗುವ, ತಂತಿಬೇಲಿ ಹಾಕುವ ಮನುಷ್ಯನನ್ನು ಅದು ತಾಳ್ಮೆಯಿಂದ ನೋಡುತ್ತ ಕಾಯುತ್ತದೆ. ಇದಕ್ಕೆ ಪೀಠಿಕೆ ಎಲ್ಲಿಂದ? ಪಹಣಿಯಿಂದ. ಪಹಣಿಯಲ್ಲಿ ಹೆಸರು ಕೂರಿಸಲು ಅಪ್ಪ ಎಷ್ಟು ಸಲ ಕಚೇರಿಗೆ ಅಲೆದ, ಬದುವಿನ ಜಗಳದಲ್ಲಿ ಅಣ್ಣತಮ್ಮಂದಿರು ಹೇಗೆ ಮಾತು ಬಿಟ್ಟರು ಎಂಬುದು ಎರೆ ಹೊಲದ ಮಗುವಿಗೆ ಗೊತ್ತು. 'ಆ ಹೊಲಕ್ಕೆ ಬಾಯಿ ಬಂದರೆ ಏನು ಹೇಳೀತು' ಎಂದು ಕೇಳಿ. 'ನೀವು ಹೋದಮ್ಯಾಲೂ ನಾ ಇಲ್ಲೇ ಇರ್ತೀನಿ ಅಂತದರಿ ಸರ' ಎಂಬಂಥ ಉತ್ತರ ಬಂದರೆ ಪದ್ಯದ ಮುಕ್ಕಾಲು ಪಾಠ ಮುಗಿಯಿತು. ಜೀವವಿಲ್ಲದ್ದಕ್ಕೆ ಮನುಷ್ಯನ ಮಾತು ಕೊಡುವುದನ್ನು ಇಂಗ್ಲಿಷಿನಲ್ಲಿ 'ಪರ್ಸಾನಿಫಿಕೇಶನ್' ಎನ್ನುತ್ತಾರೆ ಎಂದು ಆಗ ಹೇಳಿದರೆ, ಆ ಉದ್ದ ಹೆಸರು ಮಗುವಿನ ತಲೆಯಲ್ಲಿ ನಿಲ್ಲುತ್ತದೆ. ಅದು ಹೆಸರಿಸುವ ಸಂಗತಿ ಆಗಲೇ ಅಲ್ಲಿದೆಯಲ್ಲ!

ಎರಡನೆಯದು ಷೇಕ್ಸ್‌ಪಿಯರನ 'ದಿ ಮರ್ಚೆಂಟ್ ಆಫ್ ವೆನಿಸ್' ನಾಟಕದ ನಾಲ್ಕನೆಯ ಅಂಕದಿಂದ ಆಯ್ದ ಮಾತು, ಪಠ್ಯದಲ್ಲಿ 'ಕ್ವಾಲಿಟಿ ಆಫ್ ಮರ್ಸಿ'. ಇಲ್ಲಿ 'ಮರ್ಸಿ ಎಂದರೆ ಕರುಣೆ' ಎಂದು ಬೋರ್ಡಿನ ಮೇಲೆ ಬರೆದರೆ ಪದ ತಿಳಿಯುತ್ತದೆ, ಪದ್ಯ ತಿಳಿಯುವುದಿಲ್ಲ. ಯಾರಿಗೆ ಯಾರ ಕರುಣೆ ಬೇಕಾಗಿದೆ? ಸಾಲ ಕೊಟ್ಟ ಶೈಲಾಕ್, ಅವಧಿ ಮೀರಿದ್ದಕ್ಕೆ ಅಂಟೋನಿಯೋನ ಎದೆಯ ಒಂದು ಪೌಂಡು ಮಾಂಸ ಕೇಳುತ್ತಿದ್ದಾನೆ. ವಕೀಲನ ವೇಷದಲ್ಲಿ ಬಂದ ಪೋರ್ಷಿಯಾ ನ್ಯಾಯಾಲಯದಲ್ಲಿ ನಿಂತು ಅವನಿಗೆ ಹೇಳುವ ಮಾತಿದು. ಸಾಲ, ಬಡ್ಡಿ, ಬಾಂಡು, ವಾಯಿದೆ ಇವುಗಳ ಬಗ್ಗೆ ನಮ್ಮ ಮಕ್ಕಳಿಗೆ ನಾವು ಹೇಳಿಕೊಡಬೇಕಾದದ್ದು ಏನೂ ಇಲ್ಲ. ಐದು ನಿಮಿಷ ಈ ಪ್ರಸಂಗವನ್ನು ಕಥೆಯಾಗಿ ಹೇಳಿ, ಇಬ್ಬರು ಮಕ್ಕಳನ್ನು ಎದುರುಬದುರು ನಿಲ್ಲಿಸಿ. ಒಬ್ಬಳು ಪೋರ್ಷಿಯಾ, ಒಬ್ಬ ಶೈಲಾಕ್. 'ಯಾರು ಯಾರಿಗೆ' ಎಂಬ ಪರೀಕ್ಷೆಯ ಪ್ರಶ್ನೆಗೆ ಉತ್ತರ ಅವರ ಕಣ್ಣೆದುರೇ ನಿಂತಿರುತ್ತದೆ.

ಮೂರನೆಯದು ಜೇಮ್ಸ್ ಟಿ. ಫೀಲ್ಡ್ಸ್ ಬರೆದ 'ಬ್ಯಾಲಡ್ ಆಫ್ ದಿ ಟೆಂಪೆಸ್ಟ್'. ಚಳಿಗಾಲದ ಬಿರುಗಾಳಿಗೆ ಸಿಕ್ಕ ಹಡಗು. ಕಪ್ತಾನನೇ ಕೈಚೆಲ್ಲುತ್ತಾನೆ. ಅವನ ಪುಟ್ಟ ಮಗಳು ತಂದೆಯ ಕೈ ಹಿಡಿದು, ನೆಲದ ಮೇಲಿನ ದೇವರು ನೀರಿನ ಮೇಲೂ ಇಲ್ಲವೇ ಎಂಬಂತೆ ಕೇಳುತ್ತಾಳೆ. ನಮ್ಮ ಮಕ್ಕಳಲ್ಲಿ ಸಮುದ್ರ ನೋಡಿದವರು ವಿರಳ. ಆದರೆ 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ಭಾಗದ ಹಳ್ಳಿಗಳಿಗೆ ನುಗ್ಗಿದ್ದನ್ನು ನೋಡಿದ ಮನೆಗಳಿವೆ. ಕಾಳಜಿ ಕೇಂದ್ರದಲ್ಲಿ ರಾತ್ರಿ ಕಳೆದವರಿದ್ದಾರೆ. ಆ ರಾತ್ರಿ ಹಿರಿಯರೇ ಹೆದರಿದಾಗ ಮನೆಯಲ್ಲಿ ಯಾರು ಧೈರ್ಯ ಹೇಳಿದರು ಎಂದು ಕೇಳಿ. ಮಗು ಹೇಳುವ ಕಥೆಯಿಂದ ಪದ್ಯಕ್ಕೆ ಹೋಗುವ ದಾರಿ ಬಹಳ ಚಿಕ್ಕದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಇಂಗ್ಲಿಷ್ ತರಗತಿಯಲ್ಲಿ ಇಷ್ಟೊಂದು ಕನ್ನಡ, ಇಷ್ಟೊಂದು ಮನೆಮಾತು ಬಂದರೆ ಇಂಗ್ಲಿಷ್ ಕಲಿಯುವುದು ಯಾವಾಗ? ಆಕ್ಷೇಪದಲ್ಲಿ ಹುರುಳಿದೆ. ಮನೆಮಾತಿಗೆ ಮಿತಿ ಬೇಕು. ಅದು ಪದ್ಯದ ಒಳಗೆ ಹೋಗಲು ಬಳಸುವ ಹತ್ತು ನಿಮಿಷ, ಅಷ್ಟೇ. ಉಳಿದ ಹೊತ್ತು ಇಂಗ್ಲಿಷಿಗೆ ಮೀಸಲು. ಆದರೆ ಆ ಹತ್ತು ನಿಮಿಷವಿಲ್ಲದೆ ಉಳಿದ ಮೂವತ್ತು ನಿಮಿಷ ಮಗುವಿನ ತಲೆಯ ಮೇಲಿಂದ ಹಾದುಹೋಗುತ್ತದೆ. ಇದೇ ಪಠ್ಯದ 'ದಿ ಸಾಂಗ್ ಆಫ್ ಇಂಡಿಯಾ' ಬರೆದ ವಿ.ಕೃ. ಗೋಕಾಕರನ್ನು ನೆನೆಯಿರಿ. ಸವಣೂರಿನಲ್ಲಿ ಹುಟ್ಟಿ, ಇಂಗ್ಲಿಷ್ ಪ್ರಾಧ್ಯಾಪಕರಾಗಿ ಬಾಳಿ, ಇಂಗ್ಲಿಷಿನಲ್ಲೂ ಕವಿತೆ ಬರೆದವರು. ಕನ್ನಡದ ಕಾವ್ಯಕ್ಕಾಗಿ 1990ರ ಜ್ಞಾನಪೀಠ ಪಡೆದವರು. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದ ವರದಿಗೆ ಅವರದೇ ಹೆಸರಿದೆ. ಎರಡು ಭಾಷೆಗಳನ್ನು ಎದುರಾಳಿಗಳೆಂದು ತಿಳಿಯದವರ ಪದ್ಯವನ್ನು ನಾವು ಹಾಗೆ ತಿಳಿದು ಪಾಠ ಮಾಡಬಾರದು.

ಕೊನೆಯ ಭಾಗಕ್ಕೆ ಬಂದೆ: ಉತ್ತರ ಪತ್ರಿಕೆ. ದ್ವಿತೀಯ ಭಾಷೆಯ ಲಿಖಿತ ಪರೀಕ್ಷೆ 80 ಅಂಕದ್ದು, ಶಾಲೆಯ ಆಂತರಿಕ ಮೌಲ್ಯಮಾಪನ 20. ಪದ್ಯದಿಂದ ಬರುವ ಪ್ರಶ್ನೆಗಳಲ್ಲಿ ಮುಖ್ಯವಾದವು ಸಣ್ಣ ಉತ್ತರದ್ದು, ಸಾಲುಗಳನ್ನು ಕೊಟ್ಟು ಸಂದರ್ಭ ಕೇಳುವುದು, ಅಲಂಕಾರ ಗುರುತಿಸುವುದು ಮತ್ತು ಕಂಠಪಾಠ.

ಸಂದರ್ಭದ ಪ್ರಶ್ನೆಗೆ ಉದ್ದ ಉತ್ತರ ಬೇಕಿಲ್ಲ. 'ದಿ ಸ್ಪೀಕರ್ ಈಸ್ ದಿ ಲ್ಯಾಂಡ್. ಇಟ್ ಈಸ್ ಸ್ಪೀಕಿಂಗ್ ಟು ಮ್ಯಾನ್. ಇಟ್ ಈಸ್ ಪೇಷಂಟ್.' ಮೂರೇ ವಾಕ್ಯ, ಮೂರೂ ಒಂದೇ ಕ್ರಿಯಾಪದದ ಮೇಲೆ ನಿಂತಿವೆ. ಗೈಡಿನ ಉದ್ದ ವಾಕ್ಯವನ್ನು ಉರು ಹೊಡೆದ ಮಗು ನಡುವೆ ಒಂದು ಪದ ಮರೆತರೆ ಇಡೀ ಉತ್ತರ ಕುಸಿಯುತ್ತದೆ. ಸ್ವಂತ ಮೂರು ವಾಕ್ಯ ಬರೆಯುವ ಮಗುವಿಗೆ ಒಂದು ತಪ್ಪಿದರೂ ಎರಡು ಉಳಿಯುತ್ತವೆ.

ಅಲಂಕಾರದ ಪ್ರಶ್ನೆಗೆ ಸಹಾಯ ಪಕ್ಕದ ಪೀರಿಯಡ್ಡಿನಲ್ಲೇ ಇದೆ. ಕನ್ನಡ ವ್ಯಾಕರಣದಲ್ಲಿ ಇದೇ ಮಗು ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮ ಎಂದು ಬಿಡಿಸಿ ಬರೆಯುತ್ತದೆ. ಕಾರ್ಲ್ ವೆಂಡೆಲ್ ಹೈನ್ಸ್ ಅವರ 'ಜಾಝ್ ಪೊಯಮ್ ಟು' ತೆಗೆದುಕೊಳ್ಳಿ. ಮಾಸಿದ ಅಂಗಿ, ಸವೆದ ಬೂಟು, ಕೋಟು ತೂಗುಹಾಕುವ ತಂತಿಯಿಂದ ಕೊರಳಿಗೆ ಇಳಿಬಿಟ್ಟ ಸ್ಯಾಕ್ಸೊಫೋನಿನ ಆ ಮುದುಕ ಮೊದಲಿಗೆ ಕವಿ ಕೋಲ್‌ರಿಜ್‌ನ ಪದ್ಯದ ಹಳೆಯ ನಾವಿಕನಂತೆ ನಿಂತಿದ್ದಾನೆ. ಮುದುಕ ಉಪಮೇಯ, ನಾವಿಕ ಉಪಮಾನ, 'ಲೈಕ್' ವಾಚಕಪದ, ಬದುಕಿನ ದಣಿವು ಸಮಾನಧರ್ಮ. ನುಡಿಸುತ್ತ ನುಡಿಸುತ್ತ ಆತ ಕೊನೆಗೆ ಹಕ್ಕಿಯೇ ಆಗಿಬಿಡುತ್ತಾನೆ. ಅಲ್ಲಿ 'ಅಂತೆ' ಇಲ್ಲ, ಆದ್ದರಿಂದ ರೂಪಕ. ಕನ್ನಡ ಮತ್ತು ಇಂಗ್ಲಿಷ್ ಶಿಕ್ಷಕರು ವರ್ಷಕ್ಕೆ ಎರಡು ಸಲ ಜೊತೆಯಾಗಿ ಅಲಂಕಾರ ಪಾಠ ಮಾಡಿದರೆ ಎರಡೂ ಪರೀಕ್ಷೆಗೆ ಲಾಭ.

ಇನ್ನು ಕಂಠಪಾಠ. ನಮ್ಮ ಮಕ್ಕಳು ಇಂಗ್ಲಿಷ್ ಪದ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುವುದುಂಟು. ಅದಕ್ಕೆ ಬೈಯಬೇಡಿ. ಸಾಲು ಕಿವಿಗೆ ಹತ್ತಲು ಅದು ಒಳ್ಳೆಯ ಉಪಾಯ. ಆದರೆ ಅಂಕ ಹೋಗುವುದು ಕಾಗುಣಿತದಲ್ಲಿ. ಬಾಯಿಗೆ ಬಂದ ಮೇಲೆ ಆ ಹಾಳೆಯನ್ನು ಬದಿಗಿಟ್ಟು, ಪುಸ್ತಕ ನೋಡಿ ಬರೆಯುವುದು, ಮುಚ್ಚಿ ಬರೆಯುವುದು, ಮತ್ತೆ ತೆರೆದು ತಿದ್ದಿಕೊಳ್ಳುವುದು ಆಗಲೇಬೇಕು. ಇನ್ನೊಂದು ಸಂಗತಿ: ಪೋರ್ಷಿಯಾಳ ಮಾತಿಗೆ ಅಂತ್ಯಪ್ರಾಸವಿಲ್ಲ. ಪ್ರಾಸದ ಆಸರೆಯಿಲ್ಲದ ಸಾಲುಗಳನ್ನು ವಾದದ ಸರಪಳಿಯಿಂದ ನೆನಪಿಡಬೇಕು. ಮೊದಲು ಕರುಣೆಯ ಸ್ವಭಾವ, ಆಮೇಲೆ ಅದರಿಂದ ಯಾರಿಗೆ ಒಳಿತು, ಆಮೇಲೆ ರಾಜನ ಕಿರೀಟಕ್ಕಿಂತ ಅದರ ಹಿರಿಮೆ, ಕೊನೆಗೆ ದೇವರ ಗುಣ. ಈ ಕ್ರಮ ತಿಳಿದ ಮಗುವಿಗೆ ಮುಂದಿನ ಸಾಲು ತಾನಾಗಿ ನೆನಪಿಗೆ ಬರುತ್ತದೆ. ಅಂದರೆ ಕಂಠಪಾಠಕ್ಕೂ ಅರ್ಥವೇ ಆಧಾರ.

ಬಂಧುಗಳೇ, ಇಲ್ಲಿಗೆ ನನ್ನ ಮಾತನ್ನು ಮುಗಿಸುತ್ತಾ ಮೂವರಲ್ಲಿ ಮೂರು ಮನವಿ. ಶಿಕ್ಷಕರಲ್ಲಿ: ಹೊಸ ಶೈಕ್ಷಣಿಕ ವರ್ಷಕ್ಕೆ ಶಾಲೆ ತೆರೆದಾಗ ಇಂಗ್ಲಿಷನ್ನು ಪದ್ಯದಿಂದಲೇ ಆರಂಭಿಸಿ. ಇಲಾಖೆಯವರಲ್ಲಿ: ಪಾಸಿಂಗ್ ಪ್ಯಾಕೇಜ್ ಸಿದ್ಧಪಡಿಸುವಾಗ ಪ್ರತಿ ಪದ್ಯಕ್ಕೂ 'ಯಾರು, ಯಾರಿಗೆ, ಯಾವಾಗ' ಎಂಬ ಮೂರು ಸಾಲು ಸೇರಿಸಿ. ಈ ವಿಶ್ವವಿದ್ಯಾಲಯದ ಕನ್ನಡ ಮತ್ತು ಇಂಗ್ಲಿಷ್ ವಿದ್ಯಾರ್ಥಿಗಳಲ್ಲಿ: ಪಠ್ಯದ ಪದ್ಯಗಳನ್ನು ಚೆನ್ನಾಗಿ ಓದಿ ಧ್ವನಿಮುದ್ರಿಸಿ, ಸುತ್ತಲಿನ ಶಾಲೆಗಳಿಗೆ ತಲುಪಿಸಿ. ಇದಕ್ಕೆ ಹಣ ಬೇಡ, ಆದೇಶ ಬೇಡ, ಒಂದು ಮೊಬೈಲ್ ಮತ್ತು ಒಂದು ಭಾನುವಾರ ಸಾಕು.

ಕಲಬುರಗಿಯ ಫಲಿತಾಂಶ ಪದ್ಯವೊಂದರಿಂದಲೇ ಮೇಲೇರುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಪದ್ಯ ಕಷ್ಟ, ಬಿಟ್ಟುಬಿಡು ಎಂದು ಮಗುವಿಗೆ ಹೇಳುವುದನ್ನು ಇವತ್ತಿಗೆ ನಿಲ್ಲಿಸಿ. ಅದು ನಮ್ಮ ಮಕ್ಕಳಿಗೆ ಬರುವ ವಿದ್ಯೆ.